ಎರಡು ಕಂತಿನ ಕಾರ್ಟೂನಿಗೆ ಸಾವಿರ ರೂಪಾಯಿ!

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ತೀರ್ಥಹಳ್ಳಿ ಸೀಮೆಯಲ್ಲಿರುವ ನನ್ನ ಸೋದರತ್ತೆಯ ಮನೆಗೆ ಹೋಗಿದ್ದೆ. ಅಟ್ಟ ಚೊಕ್ಕ ಮಾಡುವ ಕೆಲಸ ನಡೆದಿತ್ತು. ಹಳೆಯ ಹಂಡೆ, ಮುರಿದ ತೊಟ್ಟಿಲು, ಅಡಿಕೆ ಸುಲಿಯುವ ಮೆಟ್ಟುಗತ್ತಿ ಇವುಗಳ ನಡುವೆ ಒಂದು ರಟ್ಟಿನ ಡಬ್ಬ ಸಿಕ್ಕಿತು.

"ಇದೆಂಥದು ನೋಡು ಮಾರಾಯ, ಇಡೋದೋ ಬಿಸಾಡೋದೋ? ನೀನು ಮೇಷ್ಟ್ರಲ್ವಾ?" ಎಂದರು ಅತ್ತೆ.

ತೆಗೆದು ನೋಡಿದರೆ ನಾಲ್ಕು ವಿಡಿಯೋ ಕ್ಯಾಸೆಟ್ಟುಗಳು. ಜಪಾನಿನ ಚಿತ್ರ, ಇಂಗ್ಲಿಷ್ ಅಕ್ಷರ. ಬೆನ್ನಿನ ಮೇಲೆ 0:1, 0:5, 0:9, 0:13 ಎಂಬ ಸಂಖ್ಯೆಗಳು. ಮೂವತ್ತು ವರ್ಷ ಪಾಠ ಹೇಳಿದವನ ಕಣ್ಣಿಗೆ ಮೊದಲು ಕಂಡದ್ದು ಚಿತ್ರವಲ್ಲ, ಸಮಾಂತರ ಶ್ರೇಢಿ! ಸಾಮಾನ್ಯ ವ್ಯತ್ಯಾಸ ನಾಲ್ಕು. ಉಳಿದ ಒಂಬತ್ತು ಎಲ್ಲಿ ಹೋದವು? ಇಲಿ ತಿಂದಿದ್ದರೆ ಇಷ್ಟು ಲೆಕ್ಕಾಚಾರದಿಂದ ತಿನ್ನುತ್ತಿರಲಿಲ್ಲ.

ಅಂದೇ ರಾತ್ರಿ ಅಮೆರಿಕದಲ್ಲಿರುವ ಅತ್ತೆಯ ಮಗನಿಗೆ ಫೋನು ಮಾಡಿದೆ. ಅವನು ನಕ್ಕುಬಿಟ್ಟ. "ಭಾವ, ಅದು ನಾಲ್ಕು ಜನರ ಆಸ್ತಿ. ನನ್ನ ಪಾಲಿಗೆ ಬಂದದ್ದು ಅಷ್ಟು" ಎಂದ.

ಕಥೆ ಇಷ್ಟು. 1996ರಲ್ಲಿ ಅವನು ಎಂ.ಎಸ್. ಓದಲು ಅಲ್ಲಿಗೆ ಹೋದಾಗ ನಾಲ್ವರು ಭಾರತದ ಹುಡುಗರು ಒಂದೇ ಮನೆ ಹಿಡಿದಿದ್ದರು. ಅದೇ ವರ್ಷ 'ನಿಯಾನ್ ಜೆನಸಿಸ್ ಇವಾಂಗೆಲಿಯನ್' ಎಂಬ ಜಪಾನೀ ಸರಣಿ ಅಲ್ಲಿ ಕ್ಯಾಸೆಟ್ಟಾಗಿ ಬರತೊಡಗಿತು. 26 ಕಂತು, 13 ಕ್ಯಾಸೆಟ್ಟು, ಒಂದೊಂದರಲ್ಲಿ ಎರಡೆರಡೇ ಕಂತು. ಬೆಲೆ ಒಂದಕ್ಕೆ ಸುಮಾರು 30 ಡಾಲರ್. ಆಗ ಡಾಲರಿಗೆ ಸುಮಾರು 35 ರೂಪಾಯಿ. ಮುಕ್ಕಾಲು ಗಂಟೆಯ ಆಟಕ್ಕೆ ಸಾವಿರದ ಐವತ್ತು ರೂಪಾಯಿ! ಒಬ್ಬರಿಂದ ಆಗುವ ಮಾತಲ್ಲ. ಹಾಗಾಗಿ ಸರದಿಯ ಮೇಲೆ ಕೊಂಡರು. ಮೊದಲನೆಯದು ಇವನದು, ಎರಡನೆಯದು ಇನ್ನೊಬ್ಬನದು, ಹೀಗೆ. 1998ರಲ್ಲಿ ಓದು ಮುಗಿದು ನಾಲ್ವರೂ ನಾಲ್ಕು ದಿಕ್ಕಿಗೆ ಹೊರಟಾಗ ತಂತಮ್ಮ ಕ್ಯಾಸೆಟ್ಟು ತಾವು ಹೊತ್ತುಕೊಂಡು ಹೋದರು. ಕಥೆಯ ಮೊದಲೂ ಕೊನೆಯೂ ಇವನ ಪಾಲಿಗೆ ಬಂತು, ನಡುವಿನದು ಹರಿದು ಹಂಚಿಹೋಯಿತು.

ಪೂರ್ತಿ ಸರಣಿಗೆ 390 ಡಾಲರ್. ಆಗಿನ ಲೆಕ್ಕದಲ್ಲಿ 13,650 ರೂಪಾಯಿ. ಆ ವರ್ಷ ನಮ್ಮಲ್ಲಿ 10 ಗ್ರಾಂ ಚಿನ್ನಕ್ಕೆ ಐದು ಸಾವಿರ ಚಿಲ್ಲರೆ ಇತ್ತು. ಕಾರ್ಟೂನಿಗೆ ಇಷ್ಟೊಂದೇ ಎಂದು ಹುಬ್ಬೇರಿಸುವ ಮೊದಲು ಆ ಬೆಲೆ ಹೇಗೆ ಹುಟ್ಟಿತೆಂದು ನೋಡೋಣ. ಅದರಲ್ಲಿ ಒಳ್ಳೆಯ ಗಣಿತವಿದೆ.

ಅಂದಹಾಗೆ 'ಅನಿಮೆ' ಎಂದರೆ ಆನಿಮೇಷನ್ ಎಂಬ ಪದವನ್ನೇ ಜಪಾನೀಯರು ಮೊಟಕುಗೊಳಿಸಿದ ರೂಪ. ಈ ಪುಟ ಓದುತ್ತಿರುವ ತಂದೆತಾಯಂದಿರೂ ತಿಳಿಯದೆಯೇ ಅದನ್ನು ನೋಡಿದವರೇ. 1990ರ ದಶಕದಲ್ಲಿ ದೂರದರ್ಶನದಲ್ಲಿ ಬಂದ, ಗುಲ್ಜಾರರ ಹಾಡಿನಿಂದ ಮನೆಮಾತಾದ ಮೋಗ್ಲಿಯ ಕಾರ್ಟೂನನ್ನು ತಯಾರಿಸಿದ್ದು ಜಪಾನಿನ ನಿಪ್ಪಾನ್ ಆನಿಮೇಷನ್ ಸಂಸ್ಥೆ, 1989ರಲ್ಲಿ. ಆದರೆ ಅಲ್ಲಿ ಕಾರ್ಟೂನೆಂದರೆ ಮಕ್ಕಳದ್ದು ಮಾತ್ರವಲ್ಲ. ಹಿದೆಆಕಿ ಆನ್ನೊ ನಿರ್ದೇಶಿಸಿದ ಇವಾಂಗೆಲಿಯನ್ ಹದಿನಾಲ್ಕರ ಹುಡುಗನೊಬ್ಬನ ಒಂಟಿತನ, ಅಪ್ಪನ ಮೇಲಿನ ಸಿಟ್ಟು, ಜಗತ್ತಿನ ಅಂತ್ಯ ಎಲ್ಲವನ್ನೂ ಹಿಡಿದ ಕಥೆ. ಪುಟ್ಟ ಮಕ್ಕಳಿಗೆ ತೋರಿಸುವಂಥದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಕಡಿಮೆ ಕೆಲಸಕ್ಕೆ ಹೆಚ್ಚು ಬೆಲೆ!

ಆಗ ಅಮೆರಿಕದ ಅಂಗಡಿಯಲ್ಲಿ ಒಂದೇ ಕಥೆಯ ಎರಡು ಬಗೆಯ ಕ್ಯಾಸೆಟ್ಟು ಪಕ್ಕಪಕ್ಕದಲ್ಲೇ ಇರುತ್ತಿದ್ದವು. ಒಂದರಲ್ಲಿ ಪಾತ್ರಗಳು ಇಂಗ್ಲಿಷ್ ಮಾತನಾಡುತ್ತವೆ. ಇನ್ನೊಂದರಲ್ಲಿ ಜಪಾನೀ ಮಾತು, ಕೆಳಗೆ ಇಂಗ್ಲಿಷ್ ಅಡಿಬರಹ. ಮೊದಲನೆಯದಕ್ಕೆ ಕಲಾವಿದರು ಬೇಕು, ಸ್ಟುಡಿಯೋ ಬೇಕು, ತುಟಿಯ ಚಲನೆಗೆ ಮಾತು ಹೊಂದಿಸುವ ತಾಳ್ಮೆ ಬೇಕು. ಎರಡನೆಯದಕ್ಕೆ ಅನುವಾದ ಮಾಡಿ ಅಕ್ಷರ ಕೂರಿಸಿದರಾಯಿತು. ಯಾವುದು ದುಬಾರಿ? ಅಡಿಬರಹದ್ದೇ! ಸಾಮಾನ್ಯವಾಗಿ ಐದು ಡಾಲರ್ ಆಸುಪಾಸು ಹೆಚ್ಚು.

ಇದನ್ನು ಒಂಬತ್ತನೆಯ ತರಗತಿಯ ಮಕ್ಕಳ ಮುಂದಿಟ್ಟೆ. ಒಬ್ಬ ಹುಡುಗಿ ಸರಿಯಾಗಿಯೇ ಹೇಳಿದಳು, "ಕೊಳ್ಳುವವರು ಕಡಿಮೆ ಇರಬೇಕು ಸಾರ್" ಎಂದು.

ಲೆಕ್ಕ ಹಾಕಿ ನೋಡಿ. ಈ ಅಂಕಿಗಳು ನಾನೇ ಉದಾಹರಣೆಗೆ ಹಾಕಿಕೊಂಡವು. ಹಕ್ಕು, ಅನುವಾದ, ಮೂಲ ಪ್ರತಿ ಎಲ್ಲ ಸೇರಿ ಹತ್ತು ಸಾವಿರ ಡಾಲರ್ ಎನ್ನೋಣ. ಅಡಿಬರಹದ ಕ್ಯಾಸೆಟ್ಟನ್ನು 500 ಮಂದಿ ಕೊಂಡರೆ ತಲೆಗೆ 20 ಡಾಲರ್ ಬೀಳುತ್ತದೆ. ಇಂಗ್ಲಿಷ್ ಮಾತಿನದಕ್ಕೆ ಇನ್ನೂ ಇಪ್ಪತ್ತು ಸಾವಿರ ಸುರಿದು ಒಟ್ಟು ಮೂವತ್ತು ಸಾವಿರವಾಯಿತು. ಆದರೆ ಅದನ್ನು 3,000 ಮಂದಿ ಕೊಳ್ಳುತ್ತಾರೆ. ತಲೆಗೆ ಹತ್ತೇ ಡಾಲರ್! ಪ್ಲಾಸ್ಟಿಕ್ಕು, ಟೇಪು, ರಟ್ಟು ಇವುಗಳ ಖರ್ಚು ಎರಡಕ್ಕೂ ಒಂದೇ, ಅದೂ ಅಲ್ಪ. ಬೆಲೆ ನಿರ್ಧರಿಸುವುದು ಭಾಗಾಕಾರದ ಛೇದ. ಆ ಛೇದದಲ್ಲಿರುವುದು ನಿಮ್ಮ ಹಾಗೆಯೇ ಆಸೆಪಡುವ ಇತರರ ಸಂಖ್ಯೆ.

ನಮ್ಮ ಹುಡುಗರು ದುಬಾರಿಯದನ್ನೇ ಕೊಂಡಿದ್ದರು. ಏಕೆಂದು ಕೇಳಿದೆ. "ಅಮೆರಿಕದವರ ಉಚ್ಚಾರಣೆ ಆಗ ನಮಗೆ ತಿಳೀತಿರ್ಲಿಲ್ಲ ಭಾವ. ಅಕ್ಷರವಾದರೆ ಓದಬಹುದಿತ್ತು" ಎಂದ!

ಅಷ್ಟೂ ಇಲ್ಲದವರಿಗೆ ಇನ್ನೊಂದು ದಾರಿಯಿತ್ತು. ವಿಶ್ವವಿದ್ಯಾಲಯಗಳ ಅನಿಮೆ ಸಂಘಗಳಲ್ಲಿ ಅಭಿಮಾನಿಗಳೇ ಅನುವಾದ ಮಾಡಿ, ಅಮಿಗಾ ಕಂಪ್ಯೂಟರಿನಿಂದ ಚಿತ್ರದ ಮೇಲೆ ಅಕ್ಷರ ಕೂರಿಸಿ, ಖಾಲಿ ಕ್ಯಾಸೆಟ್ಟೂ ಅಂಚೆ ವೆಚ್ಚವೂ ಕಳಿಸಿದವರಿಗೆ ಪ್ರತಿ ಮಾಡಿಕೊಡುತ್ತಿದ್ದರು. ಕಾನೂನಿನ ಕಣ್ಣಿಗೆ ಅದು ಸರಿಯಲ್ಲ. ಆದರೆ ಅಲ್ಲಿನ ಮಾರುಕಟ್ಟೆಗೆ ಗಿರಾಕಿಗಳನ್ನು ಬೆಳೆಸಿದ್ದರಲ್ಲಿ ಅವರ ಪಾಲೂ ಇದೆ. ಪ್ರಕೃತಿಯೇ ಅವರಿಗೊಂದು ಮಿತಿ ಹಾಕಿತ್ತು. ಟೇಪಿನ ಸಂಕೇತ ಅನಲಾಗ್. ಪ್ರತಿಯ ಪ್ರತಿ ಮಾಡಿದಂತೆಲ್ಲ ಗದ್ದಲ ಕೂಡುತ್ತಾ ಹೋಗಿ ನಾಲ್ಕೈದನೆಯ ತಲೆಮಾರಿಗೆ ಬಣ್ಣ ಸೋರಿ, ಅಂಚು ಕದಡಿ, ಮಳೆಯಲ್ಲಿ ನೋಡಿದಂತಾಗುತ್ತಿತ್ತು. ನಾಯಕನ ಮೂಗು ಕಾಣಬೇಕೆಂದರೆ 30 ಡಾಲರ್ ಕೊಡಲೇಬೇಕು! 1996ರಲ್ಲಿ 'ಘೋಸ್ಟ್ ಇನ್ ದಿ ಶೆಲ್' ಎಂಬ ಅನಿಮೆ ಚಿತ್ರ ಅಮೆರಿಕದ ಬಿಲ್‌ಬೋರ್ಡ್ ವಿಡಿಯೋ ಮಾರಾಟದ ಪಟ್ಟಿಯ ತುದಿಗೇರಿದಾಗ ದೊಡ್ಡ ಅಂಗಡಿಗಳವರೂ ಕಣ್ಣುಬಿಟ್ಟರು.

ಮೂಲದಲ್ಲೇ ದುಬಾರಿ

ಜಪಾನಿನಲ್ಲಿ ಕಡಿಮೆ ಇತ್ತೇ? ಇಲ್ಲ, ಅಲ್ಲಿ ಇನ್ನೂ ಹೆಚ್ಚು. 1980ರ ದಶಕದಲ್ಲಿ ಅಲ್ಲಿ ಒಂದು ಚಲನಚಿತ್ರದ ಕ್ಯಾಸೆಟ್ಟಿಗೆ ಹತ್ತು ಸಾವಿರ ಯೆನ್ ದಾಟುವುದು ಸಾಮಾನ್ಯವಾಗಿತ್ತು. ಬಾಡಿಗೆ ಅಂಗಡಿಗಳು ಕೊಳ್ಳುತ್ತಿದ್ದವು, ಜನ ಬಾಡಿಗೆಗೆ ಒಯ್ಯುತ್ತಿದ್ದರು. 1983ರ ಕೊನೆಯಲ್ಲಿ 'ದಲ್ಲೋಸ್' ಎಂಬ ಅನಿಮೆ ಟಿ.ವಿ.ಗೂ ಹೋಗದೆ, ಚಿತ್ರಮಂದಿರಕ್ಕೂ ಹೋಗದೆ, ನೇರವಾಗಿ ಕ್ಯಾಸೆಟ್ಟಿನಲ್ಲಿ ಹೊರಬಂತು. ಜಾಹೀರಾತುದಾರರ ಹಂಗಿಲ್ಲ. ಆದರೆ ನಿರ್ಮಾಣದ ಖರ್ಚು ಕ್ಯಾಸೆಟ್ಟಿನಿಂದಲೇ ಹುಟ್ಟಬೇಕು. ಅಲ್ಲಿಂದಾಚೆ ಅದೊಂದು ಪದ್ಧತಿಯೇ ಆಯಿತು.

1990ರ ದಶಕದ ಕೊನೆಗೆ ಮಧ್ಯರಾತ್ರಿಯ ಅನಿಮೆಗಳು ಹೆಚ್ಚಿದವು. ಇದರ ವ್ಯವಹಾರ ನಮಗೆ ವಿಚಿತ್ರವಾಗಿ ಕಾಣುತ್ತದೆ. ಟಿ.ವಿ. ಕೇಂದ್ರ ನಿರ್ಮಾಪಕರಿಗೆ ದುಡ್ಡು ಕೊಡುವುದಿಲ್ಲ, ನಿರ್ಮಾಪಕರೇ ಕೇಂದ್ರಕ್ಕೆ ದುಡ್ಡು ಕೊಟ್ಟು ಆ ಹೊತ್ತನ್ನು ಕೊಳ್ಳುತ್ತಾರೆ! ಡಿಸ್ಕಿನ ಕಂಪನಿ, ಸಂಗೀತದ ಕಂಪನಿ, ಪುಸ್ತಕ ಪ್ರಕಾಶಕರು, ಆಟಿಕೆಯವರು ಎಲ್ಲ ಸೇರಿ ಒಂದು ಸಮಿತಿ ಕಟ್ಟಿ ಬಂಡವಾಳ ಹಾಕುತ್ತಾರೆ. ರಾತ್ರಿ ಒಂದೂವರೆಗೆ ಬರುವ ಕಂತು ಎಂದರೆ ಡಿಸ್ಕಿನ ಜಾಹೀರಾತೇ ಸೈ. ನೋಡಿದ ಲಕ್ಷಾಂತರ ಜನರಲ್ಲಿ ಕೊಳ್ಳುವವರು ಕೆಲವು ಸಾವಿರ. ಆ ಕೆಲವು ಸಾವಿರದ ಮೇಲೆ ಇಡೀ ಸರಣಿಯ ಭಾರ ಬೀಳಬೇಕಾದ್ದರಿಂದ ಎರಡು ಕಂತಿನ ಒಂದು ಡಿಸ್ಕಿಗೆ ಆರರಿಂದ ಎಂಟು ಸಾವಿರ ಯೆನ್. 24 ಕಂತಿನ ಸರಣಿಗೆ 12 ಡಿಸ್ಕು, ಏಳು ಸಾವಿರದಂತೆ ಹಿಡಿದರೂ 84,000 ಯೆನ್. ಇಂದಿನ ನಮ್ಮ ಲೆಕ್ಕದಲ್ಲಿ ಐವತ್ತು ಸಾವಿರ ರೂಪಾಯಿಗೆ ಹತ್ತಿರ. ಬರಿಯ ಡಿಸ್ಕು ಕೊಟ್ಟರೆ ಯಾರು ತಾನೇ ಕೊಂಡಾರು? ಅದಕ್ಕೇ ಜೊತೆಗೆ ಚಿತ್ರಪುಸ್ತಕ, ಹೊಸ ರಟ್ಟಿನ ಹೊದಿಕೆ, ಕಲಾವಿದರ ಕಾರ್ಯಕ್ರಮದ ಟಿಕೆಟ್ಟಿಗೆ ಅರ್ಜಿ ಹಾಕುವ ಚೀಟಿ! ಈಚಿನ ವರ್ಷಗಳಲ್ಲಿ ಅಂತರ್ಜಾಲದ ಪ್ರಸಾರದ ಹಕ್ಕಿನಿಂದ ಬರುವ ಹಣ ಡಿಸ್ಕಿನ ಹಣವನ್ನು ಹಿಂದೆ ಹಾಕಿದೆ. ಆದರೂ ಆ ಬೆಲೆಗಳು ಅಷ್ಟಾಗಿ ಇಳಿದಿಲ್ಲ.

ಅಮೆರಿಕದಲ್ಲಿ ಅದೇ ಸರಣಿ ಅಗ್ಗವಾಗಿ ಸಿಗತೊಡಗಿದಾಗ ಜಪಾನಿನ ಕಂಪನಿಗಳಿಗೆ ಹೊಸ ದಿಗಿಲು. ತಮ್ಮ ಗಿರಾಕಿಗಳು ಅಲ್ಲಿಂದ ತರಿಸಿಕೊಂಡರೆ? ಡಿವಿಡಿಯಲ್ಲಿ ಜಪಾನು 2ನೆಯ ವಲಯ, ಅಮೆರಿಕ 1ನೆಯದು. ಹಾಗಾಗಿ ತೊಂದರೆಯಿರಲಿಲ್ಲ. ಬ್ಲೂ-ರೇ ಬಂದಾಗ ಎರಡೂ ದೇಶಗಳು 'ಎ' ವಲಯಕ್ಕೆ ಸೇರಿಬಿಟ್ಟವು. ಕೆಲವು ಕಂಪನಿಗಳು ಅಮೆರಿಕದ ಡಿಸ್ಕಿನಲ್ಲಿ ಇಂಗ್ಲಿಷ್ ಅಡಿಬರಹವನ್ನು ತೆಗೆಯಲಾಗದಂತೆ ಕೀಲಿ ಹಾಕಿದವು. ತನ್ನ ಭಾಷೆಯ ಚಿತ್ರದ ಮೇಲೆ ಪರಭಾಷೆಯ ಅಕ್ಷರ ಕುಣಿಯುತ್ತಿದ್ದರೆ ಜಪಾನಿನವನಿಗೆ ಕಿರಿಕಿರಿಯಾಗಿ ಅವನು ಕೊಳ್ಳುವುದಿಲ್ಲ ಎಂಬ ಉಪಾಯ!

ಒಂದೇ ಕಥೆ, ನಾಲ್ಕು ಖರೀದಿ

ಡಿವಿಡಿ ಜಪಾನಿನಲ್ಲಿ 1996ರ ನವೆಂಬರಿನಲ್ಲಿ, ಅಮೆರಿಕದಲ್ಲಿ 1997ರಲ್ಲಿ ಮಾರುಕಟ್ಟೆಗೆ ಬಂತು. ಒಂದೇ ಡಿಸ್ಕಿನಲ್ಲಿ ಎರಡು ಭಾಷೆಯ ಧ್ವನಿಯೂ ಅಡಿಬರಹವೂ ಹಿಡಿಯುವುದರಿಂದ ಮೇಲಿನ ಐದು ಡಾಲರಿನ ಜಗಳ ಒಂದೇ ಏಟಿಗೆ ಮುಗಿಯಿತು. 2000-01ರಲ್ಲಿ ಇವಾಂಗೆಲಿಯನ್ ಎಂಟು ಡಿಸ್ಕುಗಳಲ್ಲಿ ಬಂದಾಗ ನಮ್ಮ ಹುಡುಗ ಸಂಬಳದವನಾಗಿದ್ದ. ಸುಮಾರು 30 ಡಾಲರಿನಂತೆ ಎಂಟನ್ನೂ, ಅಂದರೆ 240 ಡಾಲರಿಗೆ, ಒಬ್ಬನೇ ಕೊಂಡ. "ನಡುವಿನ ಕಂತುಗಳನ್ನು ಮತ್ತೆ ನೋಡಿದ್ದು ಆಗಲೇ" ಎಂದ. 2004-05ರಲ್ಲಿ ಚಿತ್ರವನ್ನೂ ಧ್ವನಿಯನ್ನೂ ಶುದ್ಧಿಗೊಳಿಸಿದ 'ಪ್ಲಾಟಿನಂ' ಡಿಸ್ಕುಗಳು ಬಂದವು. ಅದನ್ನೂ ಕೊಂಡ! 2021ರಲ್ಲಿ ಬ್ಲೂ-ರೇ. ಅದನ್ನೂ. ಆದರೆ ಈ ಕೊನೆಯದರಲ್ಲಿ 26 ಕಂತಿನ ಜೊತೆಗೆ ಎರಡು ಚಲನಚಿತ್ರಗಳೂ ಇದ್ದವು. ಬೆಲೆ ಆ 13 ಕ್ಯಾಸೆಟ್ಟುಗಳ ಬೆಲೆಯ ಸಣ್ಣ ಪಾಲು.

ಇಲ್ಲೊಂದು ಮೋಜಿನ ಲೆಕ್ಕವಿದೆ. 'ಲೆಜೆಂಡ್ ಆಫ್ ದಿ ಗ್ಯಾಲಕ್ಟಿಕ್ ಹೀರೋಸ್' ಎಂಬ 110 ಕಂತಿನ ಸರಣಿ 1988ರಿಂದ 1997ರವರೆಗೆ ಜಪಾನಿನಲ್ಲಿ ಕ್ಯಾಸೆಟ್ಟಾಗಿ ಹೊರಬಂದದ್ದು. 2018ರಲ್ಲಿ ಅಮೆರಿಕದಲ್ಲಿ ಅದರ ಬ್ಲೂ-ರೇ ಪೆಟ್ಟಿಗೆಗೆ ಇಟ್ಟ ಬೆಲೆ ಸುಮಾರು 800 ಡಾಲರ್. ಕೇಳಿದವರೆಲ್ಲ ಹೌಹಾರಿದರು. ಆದರೆ 110ರಿಂದ ಭಾಗಿಸಿ. ಕಂತಿಗೆ ಏಳು ಡಾಲರ್ ಚಿಲ್ಲರೆ. 1996ರ ಕ್ಯಾಸೆಟ್ಟಿನಲ್ಲಿ ಕಂತಿಗೆ 15 ಡಾಲರ್. ಹಣದುಬ್ಬರ ಸೇರಿಸಿದರೆ 2018ರ ಸುಮಾರು 24 ಡಾಲರಿಗೆ ಸಮ. ಎಲ್ಲಕ್ಕಿಂತ ದುಬಾರಿಯೆಂದು ಕಂಡದ್ದು ಹಳೆಯದರ ಮೂರನೆಯ ಒಂದು ಭಾಗಕ್ಕಿಂತಲೂ ಅಗ್ಗ! ಒಟ್ಟಿಗೆ 800 ಡಾಲರ್ ತೆರುವುದೂ ತಿಂಗಳಿಗೆ 30ರಂತೆ ತೆರುವುದೂ ಜೇಬಿಗೆ ಒಂದೇ ಅಲ್ಲ, ಅದು ಬೇರೆ ಮಾತು.

ಹಾಗಾದರೆ ಸಂಗ್ರಹಕಾರನ ದುಡ್ಡು ಸೋರುವುದು ಎಲ್ಲಿ? ಕೊಂಡ ವಸ್ತು ಉಳಿಯದಿರುವುದರಲ್ಲಿ. ವಿಜ್ಞಾನದ ಮೇಷ್ಟ್ರಿಗೆ ರುಚಿಸುವ ಭಾಗ ಇದೇ. ವಿ.ಎಚ್.ಎಸ್. ಟೇಪು 12.7 ಮಿಲಿಮೀಟರ್ ಅಗಲದ ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಕಣಗಳನ್ನು ಒಂದು ಅಂಟಿನಿಂದ ಹಿಡಿಸಿರುತ್ತಾರೆ. ಆಡಿಸುವಾಗ ಪಟ್ಟಿ ನಿಮಿಷಕ್ಕೆ ಸುಮಾರು 1,800 ಸುತ್ತು ತಿರುಗುವ ಉರುಳೆಗೆ ಒರಗಿಕೊಂಡು ಸಾಗುತ್ತದೆ. ನಮ್ಮ ಪಾಲ್ ಪದ್ಧತಿಯಲ್ಲಾದರೆ 1,500. ಪ್ರತಿ ಸಲವೂ ಒಂದಿಷ್ಟು ಸವೆತ. ಸುಮ್ಮನೆ ಇಟ್ಟರೂ ಬಿಡುಗಡೆಯಿಲ್ಲ. ಗಾಳಿಯ ತೇವವನ್ನು ಅಂಟು ಹೀರಿ ಜಲವಿಭಜನೆಯಾಗಿ ಜಿಗುಟಾಗುತ್ತದೆ. ತೇವವಿದ್ದಲ್ಲಿ ಬೂಷ್ಟೂ ಬರುತ್ತದೆ. ಇಪ್ಪತ್ತಕ್ಕೂ ಹೆಚ್ಚು ಮಳೆಗಾಲ ಕಂಡ ಅತ್ತೆಯ ಮನೆಯ ಕ್ಯಾಸೆಟ್ಟುಗಳ ಕಿಂಡಿಯಲ್ಲಿ ಬಿಳಿಯ ಹತ್ತಿಯಂತೆ ಅದು ಕೂತಿತ್ತು. ಇಂಥದ್ದನ್ನು ಯಂತ್ರಕ್ಕೆ ಹಾಕಬಾರದು. ಉರುಳೆಗೆ ಅಂಟಿ ಮುಂದೆ ಹಾಕುವ ಎಲ್ಲ ಕ್ಯಾಸೆಟ್ಟಿಗೂ ದಾಟುತ್ತದೆ. ಹಾಕೋಣವೆಂದರೂ ಯಂತ್ರವೆಲ್ಲಿ? ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಕೊನೆಯ ಕಂಪನಿ ಫುನಾಯಿ 2016ರ ಜುಲೈಯಲ್ಲಿ ಕೈಚೆಲ್ಲಿತು.

ಹಣವಿದ್ದವರು ಆಗ ಲೇಸರ್ ಡಿಸ್ಕ್ ಕೊಳ್ಳುತ್ತಿದ್ದರು. 30 ಸೆಂಟಿಮೀಟರ್ ವ್ಯಾಸದ, ನಮ್ಮ ಹೋಳಿಗೆಯನ್ನು ನಾಚಿಸುವ ಬೆಳ್ಳಿ ತಟ್ಟೆ. ಚಿತ್ರ ಟೇಪಿಗಿಂತ ಬಹಳ ಚೆನ್ನ, ಸವೆತವೂ ಇಲ್ಲ. ಆದರೆ ಅದು ಎರಡು ಅಕ್ರಿಲಿಕ್ ಹಾಳೆಗಳನ್ನು ಅಂಟಿಸಿ ಮಾಡಿದ್ದು. ಅಂಟು ಕೆಟ್ಟು, ತೇವ ಒಳಹೊಕ್ಕು, ಕನ್ನಡಿಯಂತಿರುವ ಅಲ್ಯೂಮಿನಿಯಂ ಪದರ ಆಕ್ಸೈಡಾಗಿ ಚಿತ್ರದ ತುಂಬ ಚುಕ್ಕಿಗಳು ಮಿನುಗತೊಡಗುತ್ತವೆ. ಅಭಿಮಾನಿಗಳು ಇದನ್ನು 'ಲೇಸರ್ ಕೊಳೆತ' ಎನ್ನುತ್ತಾರೆ. ಲೇಸರಿನ ತಪ್ಪೇನೂ ಇಲ್ಲ, ಪಾಪ. ಅದರ ಪ್ಲೇಯರುಗಳ ತಯಾರಿಕೆಯನ್ನೂ ಪಯೋನಿಯರ್ 2009ರಲ್ಲಿ ನಿಲ್ಲಿಸಿತು. ಡಿವಿಡಿ, ಬ್ಲೂ-ರೇಗಳ ಆಯುಸ್ಸು ಇವೆರಡಕ್ಕಿಂತ ಉತ್ತಮ. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.1 ಮಿಲಿಮೀಟರ್ ಒಳಗೇ ಇರುವುದರಿಂದ ಗೀರು ಬೀಳದಂತೆ ಗಟ್ಟಿ ಲೇಪ ಕೊಟ್ಟಿರುತ್ತಾರೆ.

ಇನ್ನೊಂದು ಸೋರಿಕೆ ಹಕ್ಕಿನ ಅವಧಿಯದು. ಅಮೆರಿಕದ ಕಂಪನಿಗೆ ಜಪಾನಿನವರು ಕೊಡುವ ಹಕ್ಕು ಕೆಲವು ವರ್ಷಗಳದ್ದು. ಅದು ಮುಗಿದರೆ, ಇಲ್ಲವೇ ಕಂಪನಿಯೇ ಮುಗಿದರೆ, ಡಿಸ್ಕು ಮತ್ತೆ ಅಚ್ಚಾಗುವುದಿಲ್ಲ. ಅಲ್ಲಿ ಇವಾಂಗೆಲಿಯನ್ ಹೊರತಂದಿದ್ದ ಎ.ಡಿ. ವಿಷನ್ 2009ರಲ್ಲಿ ಬಾಗಿಲು ಹಾಕಿತು. ಅಂಥ ಡಿಸ್ಕುಗಳಿಗೆ ಹಳೆಯ ಸಾಮಾನಿನ ಪೇಟೆಯಲ್ಲಿ ಮೂಲ ಬೆಲೆಯ ಎರಡು ಮೂರು ಪಟ್ಟು ಕೇಳುವುದುಂಟು. 'ಈಗಲೇ ಕೊಳ್ಳದಿದ್ದರೆ ಮುಂದೆ ಸಿಗದು' ಎಂಬ ಭಯದಲ್ಲಿ ನೋಡಲು ಪುರುಸೊತ್ತಿಲ್ಲದವರೂ ಕೊಂಡು ಗುಡ್ಡೆ ಹಾಕುತ್ತಾರೆ. ಬಿಚ್ಚದ ಪ್ಲಾಸ್ಟಿಕ್ ಹೊದಿಕೆಯ ಡಿಸ್ಕುಗಳ ಸಾಲನ್ನು ಸಂಗ್ರಹವೆನ್ನಲು ನನಗಂತೂ ಮನಸ್ಸು ಬಾರದು.

ಅಮೆರಿಕದಿಂದ ತರಿಸಿಕೊಳ್ಳುವ ಆಸೆಯಿರುವ ನಮ್ಮ ವಿದ್ಯಾರ್ಥಿಗಳಿಗೊಂದು ಮಾತು. ಡಿವಿಡಿಯಲ್ಲಿ ಭಾರತ 5ನೆಯ ವಲಯ, ಬ್ಲೂ-ರೇಯಲ್ಲಿ 'ಸಿ'. ಅಲ್ಲಿಯ ಡಿಸ್ಕು ಇಲ್ಲಿಯ ಪ್ಲೇಯರಿನಲ್ಲಿ ಓಡುವ ಖಾತ್ರಿಯಿಲ್ಲ. ಅತ್ತೆಯ ಮಗ ಒಮ್ಮೆ ರಜೆಗೆ ಬಂದಾಗ ಅಮ್ಮನಿಗೆ ತೋರಿಸಲೆಂದು ತಂದ ಡಿವಿಡಿ ಮನೆಯ ಟಿ.ವಿ.ಯಲ್ಲಿ ಒಂದು ಸಾಲಿನ ಎಚ್ಚರಿಕೆ ತೋರಿಸಿ ಸುಮ್ಮನಾಯಿತಂತೆ.

ಫೋನಿನಲ್ಲಿ ಸಿಗುತ್ತದಲ್ಲ ಸಾರ್?

ಮಕ್ಕಳು ಕೇಳುವ ಪ್ರಶ್ನೆ ಇದು. ನಿಜ, ತಿಂಗಳ ಚಂದಾ ಕೊಟ್ಟರೆ ನೂರಾರು ಸರಣಿಗಳು ಸಿಗುತ್ತವೆ. ನೋಡಿ ಮರೆಯುವುದಕ್ಕೆ ಅದೇ ಸಾಕು, ಅದೇ ಅಗ್ಗ. ಆದರೆ ಎರಡು ಸಂಗತಿ ಹೇಳುತ್ತೇನೆ. ಅಮೆರಿಕದ ಫನಿಮೇಷನ್ ಕಂಪನಿ ತನ್ನ ಡಿಸ್ಕುಗಳ ಜೊತೆಗೆ ಒಂದು ಗುಪ್ತಸಂಖ್ಯೆ ಕೊಡುತ್ತಿತ್ತು. ಅದನ್ನು ಒತ್ತಿದರೆ ಅದೇ ಚಿತ್ರ ಅಂತರ್ಜಾಲದಲ್ಲೂ ನಿಮ್ಮದಾಗುತ್ತಿತ್ತು. ಕಂಪನಿ ಕ್ರಂಚಿರೋಲ್‌ನೊಳಗೆ ಸೇರಿಹೋಗಿ, 2024ರ ಏಪ್ರಿಲ್ 2ರಂದು ಫನಿಮೇಷನ್ ಸೇವೆ ನಿಂತಿತು. ಗುಪ್ತಸಂಖ್ಯೆಯ ಪ್ರತಿಗಳೂ ಅದರೊಂದಿಗೆ ಮಾಯವಾದವು. ಡಿಸ್ಕು ಇಟ್ಟುಕೊಂಡವರ ಬಳಿ ಡಿಸ್ಕು ಉಳಿಯಿತು.

ಇನ್ನೊಂದು ಇವಾಂಗೆಲಿಯನ್ನಿನದೇ. ಅದರ ಪ್ರತಿ ಕಂತಿನ ಕೊನೆಗೆ 'ಫ್ಲೈ ಮಿ ಟು ದಿ ಮೂನ್' ಎಂಬ ಹಳೆಯ ಅಮೆರಿಕನ್ ಹಾಡಿನ ಒಂದೊಂದು ರೂಪ ಬರುತ್ತಿತ್ತು. 2019ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಸರಣಿ ಬಂದಾಗ ಜಪಾನಿನ ಹೊರಗಿನವರಿಗೆ ಆ ಹಾಡಿರಲಿಲ್ಲ. ಬದಲಿಗೆ ಪಿಯಾನೋ ಕೂರಿಸಿದ್ದರು. 2021ರ ಅಮೆರಿಕದ ಬ್ಲೂ-ರೇಯಲ್ಲೂ ಹಾಡಿಲ್ಲ. ಅತ್ತೆಯ ಮಗ ತನ್ನ ಮಗಳನ್ನು ಕೂರಿಸಿಕೊಂಡು ಹೊಸ ಡಿಸ್ಕಿನಲ್ಲಿ ಮೊದಲ ಕಂತು ತೋರಿಸಿದನಂತೆ. ಮುಗಿಯುವಾಗ ಹಾಡಿಗೆಂದು ಕಾದ, ಬರಲಿಲ್ಲ. ಎದ್ದು ಹೋಗಿ ಹಳೆಯ ಡಿವಿಡಿ ಹುಡುಕಿ ತಂದು ಹಾಡಷ್ಟನ್ನೇ ಕೇಳಿಸಿದನಂತೆ. ಚಿತ್ರ ಹೊಸದರಲ್ಲಿ ಚೆನ್ನ, ಹಾಡು ಹಳೆಯದರಲ್ಲಿ ಮಾತ್ರ. ನಾಲ್ಕು ಸಲ ದುಡ್ಡು ಕೊಟ್ಟರೂ ಪೂರ್ತಿ ಕಥೆ ಒಂದು ಕಡೆ ಸಿಗಲಿಲ್ಲ!

"ಹಾಗಾದರೆ ಈ ಕ್ಯಾಸೆಟ್ಟು ಬಿಸಾಡಲಾ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ. "ಬೇಡ ಭಾವ" ಎಂದ. 2, 6, 10 ಇರುವವನು ಚೆನ್ನೈಯಲ್ಲಿದ್ದಾನಂತೆ, ಅವನಿಗೆ ಬರೆದು ಕೇಳುತ್ತಾನಂತೆ. ಉಳಿದಿಬ್ಬರ ವಿಳಾಸ ಅವನಲ್ಲಿರಬಹುದಂತೆ.

ಬೂಷ್ಟನ್ನು ಮೇಲಿಂದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಎರಡು ದಿನ ಜಗಲಿಯ ನೆರಳಿನಲ್ಲಿ ಗಾಳಿಗಿಟ್ಟೆವು. ಟೇಪನ್ನು ಮಲಗಿಸಬಾರದು, ಪುಸ್ತಕದಂತೆ ನಿಲ್ಲಿಸಿಡಬೇಕು. ಹೊಸ ಚಪ್ಪಲಿಯ ಡಬ್ಬದಲ್ಲಿ ಬರುತ್ತವಲ್ಲ, ಆ ಸಿಲಿಕಾ ಜೆಲ್ಲಿನ ಪೊಟ್ಟಣ ನಾಲ್ಕಾರು ಜೊತೆಗಿಟ್ಟರೆ ತೇವ ಹೀರುತ್ತದೆ. ಇದನ್ನೆಲ್ಲ ಮಾಡುವಾಗ ಅತ್ತೆ ಪಕ್ಕದಲ್ಲೇ ಕೂತು ಬೆಲೆ ಕೇಳಿದರು. ಹೇಳಿದೆ.

"ಒಂದಕ್ಕೆ ಸಾವಿರವಾ? ಆ ಕಾಲದಲ್ಲಿ? ಫೋನಿಗೆ ದುಡ್ಡು ಜಾಸ್ತಿ ಆಗತ್ತೆ ಅಂತ ನನಗೆ ತಿಂಗಳಿಗೊಂದೇ ಸಲ ಮಾಡ್ತಿದ್ದ!" ಎಂದರು.

ಒಂದೊಂದಾಗಿ ನಾಲ್ಕನ್ನೂ ಸೆರಗಿನಲ್ಲಿ ಮತ್ತೊಮ್ಮೆ ಒರೆಸಿದರು. ಅಟ್ಟಕ್ಕೆ ಕಳಿಸಲಿಲ್ಲ. ತಮ್ಮ ರೇಷ್ಮೆ ಸೀರೆಗಳ ಬೀರುವಿನಲ್ಲಿ ಜಾಗ ಮಾಡಿ ನಿಲ್ಲಿಸಿಟ್ಟರು. ನುಸಿಗುಳಿಗೆ ಮಾತ್ರ ಪಕ್ಕದಲ್ಲಿ ಇಡಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಆಗದು ಎಂದು ಹೇಳಿ ಬಂದಿದ್ದೇನೆ.